ಅಕ್ಕ ಹೊತ್ತುಕೊಂಡ ತಪ್ಪು

ಅಕ್ಕ ಹೊಲಿಗೆಯವಳು. ತೂಕ ನೂರಿಪ್ಪತ್ತೆಂಟು ಕಿಲೋ. "ಊರಿಗೆಲ್ಲ ಅಳತೆ ತಗೋತೀನಿ, ನನ್ನ ಅಳತೆಗೆ ಟೇಪೇ ಸಾಲಲ್ಲ" ಎಂದು ತಾನೇ ನಗುತ್ತಿದ್ದಳು. ಮಂಡಿ ಸೋತು, ಸಕ್ಕರೆ ಕಾಯಿಲೆ ಹತೋಟಿ ಮೀರಿದ ಮೇಲೆ, ಹೊಟ್ಟೆ ಚಿಕ್ಕದು ಮಾಡುವ ಆಪರೇಷನ್‌ಗೆ ಒಪ್ಪಿದಳು.

ಆಪರೇಷನ್ ಹೂವೆತ್ತಿದಂತೆ ಮುಗಿಯಿತು. ಮನೆಗೆ ಕಳಿಸುವ ದಿನ ನರ್ಸಮ್ಮ ತಂಗಿಯನ್ನು ಪಕ್ಕಕ್ಕೆ ಕರೆದರು. "ಗಾಯದ ಚಿಂತೆ ಇಲ್ಲಮ್ಮ. ಭಯ ಇರೋದು ಕಾಲಲ್ಲಿ. ಅಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋದ್ರೆ ಕಷ್ಟ. ಆಗಾಗ ನಡೆಸಿ. ನಾಲ್ಕು ವಾರ ದಿನಾ ಹೊಟ್ಟೆಗೆ ಈ ಇಂಜೆಕ್ಷನ್. ಒಂದು ದಿನಾನೂ ತಪ್ಪಿಸಬೇಡಿ."

ಭಾವ ಲಾರಿ ಓಡಿಸುವವರು, ಮನೆಯಲ್ಲಿರುವುದೇ ಅಪರೂಪ. ಹಾಗಾಗಿ ಸೂಜಿ, ಅದೇ ಮನೆಯಲ್ಲಿದ್ದ ತಂಗಿಯ ಪಾಲಿಗೆ ಬಂತು. ಇರುವೆ ತುಳಿದರೂ ಮರುಗುವ ಜೀವ ಅದು. ಚುಚ್ಚುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಚುಚ್ಚಿದಲ್ಲೆಲ್ಲ ನೇರಳೆ ಕಲೆ. ಅಕ್ಕ ಹಲ್ಲುಕಚ್ಚಿ ತಡೆದುಕೊಳ್ಳುತ್ತಿದ್ದಳು. ಹನ್ನೊಂದನೆಯ ದಿನ ಕಲೆಯಿಲ್ಲದ ಜಾಗವೇ ಸಿಗಲಿಲ್ಲ.

"ಅಕ್ಕ, ಹೇಗೂ ಓಡಾಡ್ತಿದ್ದೀಯಲ್ಲ. ಎರಡು ದಿನ ಬಿಡೋಣ್ವಾ?"

"ತಪ್ಪಿಸಬೇಡಿ ಅಂದಿದ್ರಲ್ಲೇ?"

"ಅವರು ಎಲ್ಲಾರ್ಗೂ ಹಾಗೇ ಅಂತಾರೆ."

ಅಕ್ಕ ಅವಳ ಮುಖ ನೋಡಿದಳು. "ಸರಿ ಬಿಡು, ನಿನ್ನಿಷ್ಟ."

ಎರಡು ದಿನ ಐದಾಯಿತು. ಆರನೆಯ ಬೆಳಿಗ್ಗೆ ಅಕ್ಕನ ಎಡ ಮೀನಖಂಡ ಊದಿಕೊಂಡು ಬಿಸಿಯಾಗಿತ್ತು. ಆಂಬುಲೆನ್ಸ್ ಬರುವಷ್ಟರಲ್ಲಿ ಏದುಸಿರು.

ತುರ್ತು ವಿಭಾಗದಲ್ಲಿ ಡಾಕ್ಟರು ಕೇಳಿದರು, "ಇಂಜೆಕ್ಷನ್ ದಿನಾ ಕೊಟ್ರಾ?"

ತಂಗಿ ಅಕ್ಕನ ಕಡೆ ನೋಡಿದಳು. ಅಕ್ಕ ಮುಖದ ಮೇಲಿನ ಆಕ್ಸಿಜನ್ ಮಾಸ್ಕ್ ಸರಿಸಿದಳು.

"ನಾನೇ... ಬೇಡ ಅಂದೆ. ಇವಳು ಬಡ್ಕೊಂಡ್ಲು... ಕೇಳ್ಲಿಲ್ಲ."

ತಂಗಿ ತಲೆ ತಗ್ಗಿಸಿ ನಿಂತಳು. ಅಲ್ಲ ಎನ್ನಲಿಲ್ಲ.

ಮೂರನೆಯ ದಿನ ಅಕ್ಕ ತೀರಿಕೊಂಡಳು.

ಎಲ್ಲ ಮುಗಿದು ನೆಂಟರು ಚದುರಿದ ಮೇಲೆ, ಭಾವ ಗೋಡೆಗೊರಗಿ ಕುಳಿತು ಹಲುಬಿದರು. "ಹಟಮಾರಿ! ಡಾಕ್ಟ್ರು ಎಲ್ಲಾ ಹೇಳಿದ್ರು. ನೀನಷ್ಟು ಬಡ್ಕೊಂಡ್ರೂ ಕೇಳ್ಲಿಲ್ವಂತೆ. ಕೈಯಾರೆ ಪ್ರಾಣ ಕಳ್ಕೊಂಡ್ಲು."

ಸತ್ತವಳು ಬೈಸಿಕೊಳ್ಳುವುದನ್ನು ಕೇಳಿಕೊಂಡಿರಲು ತಂಗಿಗೆ ಆಗಲಿಲ್ಲ.

"ಭಾವ, ಅಕ್ಕ ಬೇಡ ಅನ್ಲಿಲ್ಲ. ಬಿಡೋಣ ಅಂದಿದ್ದು ನಾನು. ಚುಚ್ಚೋಕೆ ನನ್ ಕೈಲಿ ಆಗ್ತಿರ್ಲಿಲ್ಲ."

ಭಾವ ಗೋಡೆ ಬಿಟ್ಟು ಮುಂದಕ್ಕೆ ಬಾಗಿದರು.

"ಅವಳಿಗೆ ಉಸಿರೇ ಇರ್ಲಿಲ್ವಲ್ಲೇ," ಎಂದರು. "ಇದ್ದಬದ್ದ ಉಸಿರಲ್ಲಿ ಆ ಸುಳ್ಳು ಹೇಳಿದ್ಲಾ?"

ಅವಳು ಹೌದೆಂದು ತಲೆಯಾಡಿಸಿದಳು. ಭಾವ ಎದ್ದು ಹೊರಗೆ ಹೋದರು. ಮತ್ತೆ ಅವಳನ್ನು ಒಂದು ಮಾತೂ ಅನ್ನಲಿಲ್ಲ, ಮಾತಾಡಿಸಲೂ ಇಲ್ಲ. ತಿಂಗಳೊಪ್ಪತ್ತಿನಲ್ಲಿ ಅವಳು ಬೇರೆ ಕಡೆ ಒಂದು ಕೋಣೆ ಹಿಡಿದಳು.