ಮೂಗಿಲಿಗಳ ಮೆರವಣಿಗೆ

ಔಷಧ ಚುಚ್ಚಿಸಿಕೊಂಡ ಚೂಪು ಮೂತಿಯ ಮೂಗಿಲಿ ಬಾಯಿ ಅಗಲಿಸಿ ತಿಂದದ್ದನ್ನೆಲ್ಲ ಕಕ್ಕಿಬಿಟ್ಟಿತು. ಪಂಜರದ ಮುಂದೆ ಕೂತಿದ್ದ ಸಂಶೋಧಕಿಯ ಮುಖ ಸಪ್ಪೆಯಾಯಿತು.

ಸಕ್ಕರೆ ಕಾಯಿಲೆಗೆಂದು ಅವಳು ರೂಪಿಸಿದ್ದ ಹೊಸ ಪೆಪ್ಟೈಡ್ ಔಷಧ, ಅಂದರೆ ಪುಟ್ಟ ಪ್ರೋಟೀನ್ ತುಣುಕು, ಅದು. ಈಗಾಗಲೇ ಬಳಕೆಯಲ್ಲಿದ್ದ ಹಳೆಯ ಔಷಧ ಸಕ್ಕರೆಯನ್ನೇನೋ ಇಳಿಸುತ್ತಿತ್ತು, ಆದರೆ ಹೊಟ್ಟೆಯ ನರವನ್ನು ಕೆಣಕುತ್ತಿತ್ತು. ನರ ಮಿದುಳಿಗೆ ಚಾಡಿ ಹೇಳಿದೊಡನೆ ವಾಂತಿ. ಅವಳ ಅತ್ತೆ ಆ ಇಂಜೆಕ್ಷನ್ ಬಿಟ್ಟದ್ದೂ ಅದಕ್ಕೇ. ಹೊಸದು ನರದ ತಂಟೆಗೆ ಹೋಗಬಾರದು. ಇಲಿಗಳಿಗೆ ವಾಂತಿ ಮಾಡಲು ಬರುವುದಿಲ್ಲವಾದ್ದರಿಂದ ಪರೀಕ್ಷೆಗೆ ಮೂಗಿಲಿಗಳು; ಹೆಸರಲ್ಲಿ ಇಲಿ ಇದ್ದರೂ ಇವು ಇಲಿಯ ಜಾತಿಯಲ್ಲ, ಕಕ್ಕಬಲ್ಲವು. ಈ ಸಲವೂ ಕಕ್ಕಿದರೆ ಕೆಲಸಕ್ಕೆ ಬೀಗ ಎಂದು ಮೇಲಿನವರು ಹೇಳಿಯಾಗಿತ್ತು.

ಫೋನ್ ಬಡಿದುಕೊಂಡಿತು. ಗಂಡ.

"ನಿನ್ನ ಮಗಳು ಬಸ್ಸಲ್ಲಿ ಕಕ್ಕಿದಾಳೆ. ಅದೂ ಮಿಸ್ ಮಡಿಲಿಗೆ!"

"ಬಹುಮಾನ ಬಂದಾಗ ನಿಮ್ಮ ಮಗಳು, ಕಕ್ಕಿದಾಗ ನನ್ನ ಮಗಳಾ? ಏನು ತಿನ್ನಿಸಿ ಕಳಿಸಿದ್ರಿ?"

"ತಿಂಡಿ ಪಾಪ ಏನು ಮಾಡುತ್ತೆ? ಹಿಂದಿನ ಸೀಟಲ್ಲಿ ಕೂತಿದ್ಲು. ಬಸ್ಸು ಎತ್ತೆತ್ತಿ ಹಾಕಿದೆ."

ಅವಳು ಫೋನ್ ಹಿಡಿದೇ ತಿರುಗಿದಳು. ಆಗಷ್ಟೇ ಪಂಜರಗಳನ್ನು ತಂದಿದ್ದ ತಳ್ಳುಗಾಡಿ ಗೋಡೆಗೆ ಒರಗಿತ್ತು. ಮುಂದಿನ ಚಕ್ರ ಸೊಟ್ಟ. ಆ ಕಡೆ, ಹೋಲಿಕೆಗೆಂದು ಔಷಧದ ಬದಲು ಬರೀ ಉಪ್ಪುನೀರು ಚುಚ್ಚಿದ್ದ ಮೂಗಿಲಿಯೂ ಕಕ್ಕುತ್ತಿತ್ತು!

"ಅಣ್ಣಾ, ಈ ಗಾಡಿ ಕುಲುಕುತ್ತಾ?"

"ಕುಲುಕೋದಾ ಮೇಡಂ? ಕುಣಿಯುತ್ತೆ!" ಎಂದ, ಪ್ರಾಣಿಗಳನ್ನು ನೋಡಿಕೊಳ್ಳುವವನು.

"ಹಾಗಾದ್ರೆ ತಪ್ಪು ಹೊಟ್ಟೆದಲ್ಲ, ಕಿವಿದು! ಮೈ ಕುಲುಕಿದ್ರೆ ಕಿವಿಯೊಳಗಿನ ನರವೂ ಮಿದುಳಿಗೆ ಚಾಡಿ ಹೇಳುತ್ತೆ."

ಮೂಗಿಲಿಗಳು ಸುಧಾರಿಸಿಕೊಂಡ ಮೇಲೆ ಮತ್ತೆ ಪರೀಕ್ಷೆ. ಈ ಬಾರಿ ಗಾಡಿಯಿಲ್ಲ. ತುಂಬಿದ ಕೊಡ ಹೊತ್ತವರಂತೆ ಇಬ್ಬರೂ ಪಂಜರಗಳನ್ನು ಒಂದೊಂದಾಗಿ ಎತ್ತಿ ತಂದರು.

"ಮದುಮಗಳನ್ನೂ ಇಷ್ಟು ನಾಜೂಕಾಗಿ ಕರ್ಕೊಂಡು ಬರಲ್ಲ ಮೇಡಂ."

"ನಗಿಸಬೇಡಿ, ಕೈ ಅಲ್ಲಾಡುತ್ತೆ!"

ಹಳೆಯ ಔಷಧ ಪಡೆದವು ಕಕ್ಕಿದವು. ಉಪ್ಪುನೀರಿನವು ತೆಪ್ಪಗಿದ್ದವು. ಹೊಸದನ್ನು ಪಡೆದವೂ ತೆಪ್ಪಗಿದ್ದವು. ಕೊನೆಯದೊಂದು ಮಾತ್ರ ಬಾಯಿ ಅಗಲಿಸಿತು. ಅವಳು ಪಂಜರದತ್ತ ಬಗ್ಗಿದಳು. ಅದು ಸೀನಿತು. ಸೀನಿ, ತಟ್ಟೆಯ ಕಡೆ ನಡೆಯಿತು. ರಕ್ತ ನೋಡಿದರೆ ಸಕ್ಕರೆಯೂ ಇಳಿದಿತ್ತು. ಇಬ್ಬರೂ ಕೂಗಿದ ಕೂಗಿಗೆ ಪಕ್ಕದ ಕೋಣೆಯವರು ಓಡಿ ಬಂದರು.

ಮನೆಯಲ್ಲಿ ಸುದ್ದಿ ಕೇಳಿದ ಅತ್ತೆ, "ನನಗೆ ಯಾವಾಗ ಕೊಡ್ತೀಯಮ್ಮ?" ಎಂದರು.

"ಇನ್ನೂ ದೂರ ಇದೆ ಅತ್ತೆ. ಕೆಲಸ ನಿಲ್ಲಲಿಲ್ವಲ್ಲ, ಅದೇ ಖುಷಿ."

ಮಗಳು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ನಾನು ಕಕ್ಕಿದ್ದಕ್ಕೇ ತಾನೆ ನಿಂಗೆ ಗೊತ್ತಾಗಿದ್ದು?"

"ಹೌದು ನನ್ನ ಚಿನ್ನ."

"ಹಾಗಾದ್ರೆ ನಾಳೆನೂ ಹಿಂದಿನ ಸೀಟೇ!"