ಬೇಕಾದ ಉತ್ತರ

ಮಗಳು ಏನನ್ನೋ ನುಂಗಿದ್ದಳು. ಹೊಲಿಗೆ ಮೆಷಿನ್ನಿನ ಕೆಳಗೆ ಕೂತು ಜೊಲ್ಲು ಸುರಿಸುತ್ತಿದ್ದವಳನ್ನು ತಾಯಿ ಗಾಬರಿಯಿಂದ ಎತ್ತಿಕೊಂಡಳು. ನೆಲದ ತುಂಬ ಅಂಗಿ ಗುಂಡಿಗಳು ಚೆಲ್ಲಿದ್ದವು. ಕಿಟಕಿಯ ಬಳಿ ಮೇಜು ಹಾಕಿಕೊಂಡು ವಾಚು ರಿಪೇರಿ ಮಾಡುತ್ತಿದ್ದ ಗಂಡ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಮಸೂರ ಕಿತ್ತೆಸೆದು, ಫೋನು ಹಿಡಿದು ಒಂದು ಸರ್ಚ್ ಎಂಜಿನ್ನಿನಲ್ಲಿ ಬರೆದ.

‘ದಯವಿಟ್ಟು ತಿಳಿಸಿ, ಮಗು ಚಿಕ್ಕ ಗುಂಡಿ ನುಂಗಿದರೆ ತೊಂದರೆ ಇಲ್ಲ ತಾನೇ?’

“ನಮ್ಮಪ್ಪನ ಹತ್ರಾನೂ ಇಷ್ಟು ಮರ್ಯಾದೆಯಾಗಿ ಮಾತಾಡಿಲ್ಲ ನೀವು,” ಎಂದಳು ಹೆಂಡತಿ, ಪರದೆಯತ್ತ ಬಗ್ಗಿ. “ಬೇಗ ನೋಡ್ರೀ!”

ಸಾಮಾನ್ಯವಾಗಿ ತಾನಾಗಿಯೇ ಹೊರಗೆ ಹೋಗುತ್ತದೆ ಎಂದು ಉತ್ತರ ಬಂತು. ಅವಳು ಉಸಿರು ಬಿಟ್ಟಳು. ಅವನು ಇನ್ನೊಂದು ಸರ್ಚ್ ಎಂಜಿನ್ ತೆರೆದ.

“ಮತ್ತೆ ಯಾಕೆ?”

“ಎರಡು ಕಡೆ ಕೇಳೋದು ಒಳ್ಳೇದು ಕಣೇ.”

ಅವನ ಕಣ್ಣು ಮೇಜಿನ ಮೇಲಿತ್ತು. ಆಗಷ್ಟೇ ಒಂದು ವಾಚಿನಿಂದ ತೆಗೆದು ತಟ್ಟೆಯಲ್ಲಿಟ್ಟಿದ್ದ, ಗುಂಡಿಯಂಥದ್ದೇ ಪುಟ್ಟ ಸೆಲ್ ಅಲ್ಲಿರಲಿಲ್ಲ. ಮೇಜಿನ ಕೆಳಗೂ ಇರಲಿಲ್ಲ. ಆದರೂ ಅವನ ಬೆರಳು ‘ಗುಂಡಿ’ ಎಂದೇ ಒತ್ತಿತು. ಎರಡನೆಯದೂ ಸಮಾಧಾನ ಹೇಳಿತು. ಮೂರನೆಯದರಲ್ಲಿ ‘ನುಣುಪಾದ ಗುಂಡಿ’ ಎಂದು ಬರೆದ. ವಾಚಿನ ಮೆಷಿನ್ನೇ ಹೋಗಿದೆ ಎಂದರೆ ನಂಬದೆ, ಬರೀ ಧೂಳು ಎನ್ನುವವನು ಸಿಗುವ ತನಕ ಅಂಗಡಿ ಅಂಗಡಿ ಅಲೆಯುವ ಗಿರಾಕಿಗಳನ್ನು ಅವನು ಎಷ್ಟು ಆಡಿಕೊಂಡಿದ್ದ!

ತಾಯಿ ಕುಡಿಸಿದ ನೀರನ್ನು ಮಗಳು ಕಕ್ಕಿದಳು.

ಅವನು ದಯವಿಟ್ಟು ಎನ್ನಲಿಲ್ಲ. ‘ಮಗು ವಾಚ್ ಸೆಲ್ ನುಂಗಿದೆ’ ಎಂದಷ್ಟೇ ಬರೆದ. ಪರದೆ ಕೆಂಪಾಯಿತು. ಅನ್ನನಾಳ ಸುಡಬಹುದು, ಕಾಯಬೇಡಿ, ಈಗಲೇ ಆಸ್ಪತ್ರೆಗೆ ಹೋಗಿ.

“ಸೆಲ್ಲಾ? ಸೆಲ್ ಅಂತ ಯಾರಂದ್ರು?” ಎಂದಳು ಹೆಂಡತಿ. ಅವನ ಮುಖ ನೋಡಿ, “ಗೊತ್ತಿತ್ತಾ ನಿಮಗೆ?” ಎಂದಳು.

ಅವನು ಮಗುವನ್ನು ಎದೆಗವಚಿಕೊಂಡು ಮೆಟ್ಟಿಲಿಳಿದಾಗಿತ್ತು.

ಬಾಡಿಗೆ ಕಾರು ಹತ್ತಿ ಕೂತ ಮೇಲೂ ಅವಳು ಬಯ್ಯಲಿಲ್ಲ, ಅಳಲಿಲ್ಲ. “ಫೋನ್ ಕೊಡಿ ಇಲ್ಲಿ,” ಎಂದಳಷ್ಟೇ. “ನಿಮಗೆ ಕೇಳೋಕೆ ಬರಲ್ಲ. ಬೇರೆ ಯಾವುದಾದ್ರೂ ಇದೆಯಾ, ಇವು ಮೂರೂ ಬಿಟ್ಟು?”

“ಎಲ್ಲದರಲ್ಲೂ ಅದೇ ಇರುತ್ತೆ ಕಣೇ.”

“ಗುಂಡಿ ಅಂತ ಕೇಳ್ದಾಗ ಹಾಗನ್ನಲಿಲ್ಲ ನೀವು.”

ಮಗಳ ಜೊಲ್ಲಿನಿಂದ ಅವನ ಅಂಗಿಯ ಭುಜ ತೊಯ್ದು ಬೆಚ್ಚಗಾಗಿತ್ತು. ಹೆಂಡತಿ ಅಕ್ಷರ ತಪ್ಪದಂತೆ, ಬಟ್ಟೆಗೆ ಅಳತೆ ಹಾಕುವಷ್ಟೇ ಜೋಪಾನವಾಗಿ ಒತ್ತುತ್ತಿದ್ದಳು: ‘ಸೆಲ್ ನುಂಗಿದರೂ ಏನೂ ಆಗದ ಮಕ್ಕಳು’.

ಮುಂದೆ ವಾಹನಗಳ ಸಾಲು ಕದಲಲೇ ಇಲ್ಲ. ಅವನು ಬಾಗಿಲು ತಳ್ಳಿ ಇಳಿದು, ಮಗುವನ್ನು ಹಿಡಿದು ಓಡತೊಡಗಿದ. ಅವಳೂ ಹಿಂದೆಯೇ ಓಡಿದಳು, ಫೋನಿನಿಂದ ಕಣ್ಣು ಕೀಳದೆ.