ನಲವತ್ತೊಂದನೇ ಸಾಲು

ಚಿಕ್ಕಬಳ್ಳಾಪುರದಲ್ಲಿ ನಡೆದ ಪ್ರೌಢಶಾಲೆಗಳ ಗಣಿತ ಕ್ವಿಜ್‌ನಲ್ಲಿ ಕೊನೆಯ ಪ್ರಶ್ನೆಗೆ ಪೆರೇಸಂದ್ರದ ಭಾನುಪ್ರಿಯಾ ಸರಿ ಉತ್ತರ ಕೊಟ್ಟಳು. ಅದನ್ನು ತಪ್ಪೆಂದು ಹತ್ತು ಅಂಕ ಕಳೆದರು. ಕಪ್ಪೂ ರಾಜ್ಯಮಟ್ಟಕ್ಕೆ ಹೋಗುವ ಅವಕಾಶವೂ ಚಿಂತಾಮಣಿಯ ಒಂದು ಖಾಸಗಿ ಶಾಲೆಯ ಪಾಲಾದವು.

ಪ್ರಶ್ನೆ ಇಷ್ಟೇ. ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಅದೇ ಸಂಖ್ಯೆಯನ್ನು ಕೂಡಿಸಿ, ಮೇಲೆ ನಲವತ್ತೊಂದು ಸೇರಿಸಿ. ಒಂದಕ್ಕೆ ನಲವತ್ತಮೂರು ಬರುತ್ತದೆ, ಎರಡಕ್ಕೆ ನಲವತ್ತೇಳು, ಮೂರಕ್ಕೆ ಐವತ್ತಮೂರು. ಒಂದು ಮತ್ತು ತನ್ನನ್ನು ಬಿಟ್ಟು ಬೇರಾವುದರಿಂದಲೂ ಭಾಗವಾಗದ ಅವಿಭಾಜ್ಯ ಸಂಖ್ಯೆಗಳು ಇವೆಲ್ಲ. ಯಾವಾಗಲೂ ಹೀಗೇ ಬರುತ್ತದೆಯೇ?

ಚಿಂತಾಮಣಿಯ ತಂಡ ಹೌದು ಎಂದಿತು. ಭಾನು ಇಲ್ಲ ಎಂದಳು. ಕ್ವಿಜ್ ನಡೆಸುತ್ತಿದ್ದ ಮುರಳಿಮೋಹನ್ ಕೈಯಲ್ಲಿದ್ದ ಕಾರ್ಡ್ ನೋಡಿ ಬೆಲ್ ಒತ್ತಿದರು. ಚಪ್ಪಾಳೆಯ ನಡುವೆ ಕಪ್ಪನ್ನೂ ಚಿಂತಾಮಣಿಯವರ ಕೈಗೆ ಕೊಟ್ಟುಬಿಟ್ಟರು. ಭಾನು ಮೈಕ್ ಬಿಡಲಿಲ್ಲ.

"ಸಾರ್, ನಲವತ್ತು ಹಾಕಿ ನೋಡಿ."

"ಒಂದರಿಂದ ಇಪ್ಪತ್ತರವರೆಗೂ ನಾನೇ ಹಾಕಿ ನೋಡಿದೀನಿ ಕಣಮ್ಮ. ಒಂದೂ ತಪ್ಪಿಲ್ಲ."

"ಮೂವತ್ತೊಂಬತ್ತರವರೆಗೂ ತಪ್ಪಲ್ಲ ಸಾರ್. ನಲವತ್ತಕ್ಕೆ ಕೈ ಕೊಡುತ್ತೆ."

"ಕಾರ್ಡಲ್ಲಿ ಹೌದು ಅಂತಿದೆ."

"ಕಾರ್ಡ್ ಬರೆದೋರೂ ಇಪ್ಪತ್ತಕ್ಕೇ ಸುಸ್ತಾದ್ರಾ ಸಾರ್?"

ಹಿಂದೆ ಯಾರೋ ನಕ್ಕರು. ಇಪ್ಪತ್ತು ಸಲ ನಿಜವಾದದ್ದನ್ನು ಎಂದೆಂದಿಗೂ ನಿಜ ಎಂದು ಸಾರುವವರನ್ನು ನಾವು ನೋಡುತ್ತಲೇ ಬಂದಿದ್ದೇವೆ. ಮೈಕ್ ಯಾವಾಗಲೂ ಅವರ ಕೈಯಲ್ಲೇ ಇರುತ್ತದೆ. ಅವತ್ತು ಇನ್ನೊಂದು ಮೈಕ್ ಹತ್ತನೇ ಕ್ಲಾಸಿನ ಹುಡುಗಿಯ ಕೈಯಲ್ಲಿತ್ತು.

ಅವಳು ಸಭೆಯ ಕಡೆ ತಿರುಗಿದಳು. ಕೂತಿದ್ದ ತಂದೆತಾಯಂದಿರಲ್ಲಿ ಅರ್ಧ ಜನ ಗುಲಾಬಿ ಬೆಳೆಯುವವರು.

"ನಲವತ್ತು ಸಾಲು, ಸಾಲಿಗೆ ನಲವತ್ತು ಗುಲಾಬಿ ಗಿಡ ಅನ್ಕೊಳ್ಳಿ. ಅದೇ ಸಂಖ್ಯೆ ಕೂಡಿಸ್ಬೇಕಲ್ಲ, ಇನ್ನೂ ನಲವತ್ತು ಗಿಡ ತಂದು ಇನ್ನೊಂದು ಸಾಲು ಹಾಕಿ. ನಲವತ್ತೊಂದು ಸಾಲಾಯ್ತು. ಈಗ ಆ ಮೇಲಿನ ನಲವತ್ತೊಂದು ಗಿಡ ಉಳಿದಾವೆ. ಒಂದೊಂದು ಸಾಲಿನ ಕೊನೆಗೆ ಒಂದೊಂದು ನೆಡಿ. ನಲವತ್ತೊಂದು ಸಾಲು, ಸಾಲಿಗೆ ನಲವತ್ತೊಂದು. ಒಂದು ಗಿಡಾನೂ ಮಿಗಲ್ಲ. ನಲವತ್ತೊಂದರಿಂದ ಸರಿಯಾಗಿ ಭಾಗ ಆಯ್ತಲ್ಲ, ಇನ್ನೆಲ್ಲಿ ಅವಿಭಾಜ್ಯ?"

ಭಾನುವಿನ ಅಜ್ಜಿ ಅಮ್ಮಾಜಮ್ಮ ಪಕ್ಕದಲ್ಲಿದ್ದ ಅಪರಿಚಿತರ ಮೊಣಕೈ ಹಿಡಿದು, "ಮಾ ಮನವರಾಲು. ನನ್ ಮಗನ ಮಗಳು" ಎಂದಳು. ಯಾರ ಮಗಳೆಂದು ಅವರೇನೂ ವಿಚಾರಿಸಿರಲಿಲ್ಲ. ಅವಳು ಇನ್ನೊಂದು ಸಲ ಹೇಳಿದಳು.

ಮುಂದಿನ ಸಾಲಿನಿಂದ ಸಂಘಟಕ ವೆಂಕಟರವಣಪ್ಪನವರ ದನಿ ಬಂತು. "ಸರ್ಕಾರಿ ಸ್ಕೂಲೋರು ಸೋತ್ರೆ ಇದೇ ಗೋಳು. ಇಳಿಸ್ರೀ ಅವಳನ್ನ."

"ಲೆಕ್ಕ ಹೇಳ್ತಾ ಐತೆ ಮಗು, ಗೋಳೆಲ್ಲಿ ಸ್ವಾಮಿ?" ಎಂದರು ಹಿಂದಿನವರೊಬ್ಬರು.

ಮುರಳಿಮೋಹನ್ ಮೈಕ್ ಪಕ್ಕಕ್ಕಿಟ್ಟು ಹತ್ತಿರ ಬಂದರು. ಲೆಕ್ಕ ಅವರಿಗೆ ಅರ್ಥವಾಗಿತ್ತು. "ಕಪ್ ಕೊಟ್ಟಾಗಿದೆಯಮ್ಮ, ವಾಪಸ್ ಕೇಳಕ್ಕಾಗಲ್ಲ. ಎರಡನೇ ಬಹುಮಾನನಾದ್ರೂ ಉಳಿಸ್ಕೊ. ಸಾರಿ ಅಂದ್ಬಿಟ್ಟು ಇಳಿ."

ಭಾನು ತನ್ನ ಮೈಕ್ ಬಾಯಿಗೆ ಹಿಡಿದಳು.

"ಸಾರಿ ಹೇಳಲ್ಲ ಸಾರ್. ಇಳಿಯೋದೂ ಇಲ್ಲ. ಫೋನ್ ತೆಗೀರಿ, ನಲವತ್ತು ಹಾಕಿದ್ರೆ ಬರೋ ಸಾವಿರದ ಆರುನೂರ ಎಂಬತ್ತೊಂದನ್ನ ನಲವತ್ತೊಂದರಿಂದ ಭಾಗಿಸಿ, ಬಂದಿದ್ದನ್ನ ಎಲ್ಲರಿಗೂ ಕೇಳೋ ಹಂಗೆ ಓದಿ. ಅಲ್ಲಿವರೆಗೂ ಇಲ್ಲೇ ನಿಂತಿರ್ತೀನಿ."